ಗಂಜಿ ಹಚ್ಚಿದ ಚರ್ಮ

ಎರಡು ವರ್ಷ ಮುಖ ತೋರಿಸದ ಕಳಕಪ್ಪ ಒಂದು ಮಧ್ಯಾಹ್ನ ಏಕಾಏಕಿ ಬಾಗಿಲಲ್ಲಿ ಬಂದು ನಿಂತ. ಶಿವಬಸವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಲಾಳಿ ಕೈಯಲ್ಲೇ ಉಳಿಯಿತು.

ಅವನು ಅವಳ ಸೋದರತ್ತೆ ಹುಚ್ಚವ್ವನ ಮಗ. ಇಬ್ಬರೂ ಚಿಕ್ಕವರಿದ್ದಾಗಲೇ ಇವಳು ಅವನಿಗೆ ಎಂದು ಹಿರಿಯರು ಮಾತಾಡಿಟ್ಟಿದ್ದರು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹುಟ್ಟಿದ ಹುಡುಗ ಮಗ್ಗ ಬಿಟ್ಟು, ನರಗುಂದದ ಮೆಹಬೂಬಸುಭಾನಿ ಉಸ್ತಾದರ ಹತ್ತಿರ ವಾದ್ಯಗಳಿಗೆ ಚರ್ಮ ಕಟ್ಟುವುದನ್ನು ಕಲಿಯಲು ಹೋದ. ಅಂದೇ ಅವಳ ಅಪ್ಪ ಫಕ್ಕೀರಪ್ಪ ಮಾತು ಮುರಿದ. "ಚರ್ಮ ಮುಟ್ಟಿದ ಕೈ ನಮ್ಮ ಮಗ್ಗದ ಹಾಸು ಮುಟ್ಟಬಾರ್ದು," ಎಂದ. ಶಿವಬಸವ್ವನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ ಬಿಡಿ.

ಧಾರವಾಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುತ್ತದಂತೆ ಎಂದು ಊರೆಲ್ಲ ಮಾತಾಡುತ್ತಿದ್ದ ಶ್ರಾವಣದ ಕೊನೆ ಅದು. ಅಪ್ಪ ಸೀರೆಯ ಗಂಟು ಹೊತ್ತು ರೋಣಕ್ಕೆ ಹೋಗಿದ್ದ. ಆ ದಿನವನ್ನೇ ನೋಡಿ ಬಂದಿದ್ದಾನೆ ಎಂದಮೇಲೆ ಮದುವೆಗೆ ಕೇಳುವುದಕ್ಕೇ ಬಂದಿದ್ದಾನೆ ಎಂದು ಅವಳು ಲೆಕ್ಕ ಹಾಕಿದಳು. ಒಳಗೆ ಓಡಿ ಮುಖಕ್ಕೆ ನೀರು ಹಾಕಿಕೊಂಡಳು, ಸೆರಗು ಸರಿಮಾಡಿದಳು, ಚಹಾ ಕಾಸಿ ತಂದಳು.

ಅವನು ಅವಳು ತಂದ ಕಪ್ಪು ಮುಟ್ಟಲಿಲ್ಲ. ಚೀಲದಿಂದ ತನ್ನದೇ ಒಂದು ಹಿತ್ತಾಳೆ ಲೋಟ ತೆಗೆದು, "ಇದರಾಗ ಹಾಕು," ಎಂದ.

"ನಮ್ಮ ಮನಿ ಕಪ್ಪಿಗೆ ಏನಾಗೇತಿ?"

"ಸಿಟ್ಟಾಗಬ್ಯಾಡ ಶಿವಿ. ನಿನ್ನ ಕಡಿಂದ ನನಗೊಂದು ಆಗಬೇಕಾಗೇತಿ."

"ಹೇಳು ಮಾವ," ಎಂದು ಅವಳು ನೆಲ ನೋಡಿದಳು.

"ಸ್ವಲ್ಪ ದಿನ ನಿನ್ನ ಕಿವಿ ಬೇಕು ನನಗ."

ಶಿವಬಸವ್ವನಿಗೆ ಅಳು, ನಗು, ಸಿಟ್ಟು ಮೂರೂ ಒಮ್ಮೆಲೇ ಬಂದವು. ಸಿಟ್ಟನ್ನೇ ಆರಿಸಿಕೊಂಡಳು. "ಕಿವಿ ಕೇಳಾಕ ಇಷ್ಟು ದೂರ ಬಂದ್ಯೇನು? ಮೂಗೂ ಕೊಡ್ತೀನಿ, ಒಯ್ಯಿ," ಎಂದಳು.

ಆಗ ಅವನು ಹೇಳಿದ. ಹೇಳುವಾಗ ಬಾಯಿಗೆ ಅರಿವೆ ಅಡ್ಡ ಹಿಡಿದಿದ್ದ. ಮಳೆಗಾಲದ ಮೊದಲೇ ಕೆಮ್ಮು ಹಿಡಿದಿತ್ತು, ರಕ್ತ ಬಂತು, ದವಾಖಾನೆಯಲ್ಲಿ ಕ್ಷಯ ಎಂದರು. ನಲವತ್ತು ಸೂಜಿ ಮಾಡಿಸಿಕೊಂಡರೆ ಬದುಕುತ್ತೀ, ಆದರೆ ಆ ಔಷಧ ಕೆಲವರ ಕಿವಿ ತೆಗೆಯುತ್ತದೆ ಎಂದು ಡಾಕ್ಟರು ಮೊದಲೇ ಬಿಚ್ಚಿ ಹೇಳಿದ್ದರು. ಹತ್ತು ಸೂಜಿಗೆ ಕಿವಿಯಲ್ಲಿ ಗುಂಯ್ ಎನ್ನುವುದು ಶುರುವಾಯಿತು. ಹದಿನಾರಕ್ಕೆ ಗುಬ್ಬಿಗಳ ದನಿ ಹೋಯಿತು.

"ಹದಿನಾರಕ್ಕ ಬಿಟ್ಟೆ," ಎಂದ.

"ಯಾಕ ಬಿಟ್ಟಿ?"

"ಅಂದಾನೆಪ್ಪ ಮಾಸ್ತರ ನಾಟಕ ಕಂಪನಿ ದೀಪಾವಳಿಗೆ ನರಗುಂದದಾಗ ನಿಂದರತೈತಿ. ಮಿಲಿಟರಿ ಬ್ಯಾಂಡಿನವರ ಹಳೇ ಸಾಮಾನಿನ ಲಿಲಾವಿನಾಗ ಅವರು ಐದು ಡ್ರಮ್ ತಂದಾರ. ಒಂದಕ್ಕಿಂತ ಒಂದು ಸಣ್ಣವು, ತಳ ಇಲ್ಲ, ಮ್ಯಾಲ ಒಂದ ಮುಖ. ಐದಕ್ಕೂ ಚರ್ಮ ಹರದಾವ. ಐದಕ್ಕೂ ಬ್ಯಾರೆ ಬ್ಯಾರೆ ಚರ್ಮ ಆರಿಸಿ, ಐದು ದನಿ ಒಂದಕ್ಕೊಂದು ಹೊಂದಿಸಿ ಕೊಡಬೇಕು. ಇಂಥಾ ಕೆಲಸ ಈ ಸೀಮ್ಯಾಗ ಯಾರಿಗೂ ಬಂದಿಲ್ಲ ಶಿವಿ. ದೊಡ್ಡ ನಾಕು ನನಗ ಇನ್ನೂ ಕೇಳಸ್ತಾವ. ಎಲ್ಲಾಕಿಂತ ಸಣ್ಣದರ ದನಿ ಕೇಳಸೂದಿಲ್ಲ. ಅದಕ್ಕ ನೀ ಬೇಕು. ಇದೊಂದು ಮುಗಿಸಿ ಮತ್ತ ಸೂಜಿಗೆ ಹೋಗ್ತೀನಿ."

"ನಡುವ ಬಿಟ್ಟರ ಏನಾಗ್ತೈತಂತ?"

ಕಳಕಪ್ಪ ಚಹಾ ಕುಡಿದ. ಲೋಟ ಕೆಳಗಿಟ್ಟಮೇಲೆ, "ಮುಂದ ಔಷಧ ನಾಟೂದಿಲ್ಲಂತ," ಎಂದ.

ಅವನ ಅಣ್ಣ ಮೈಲಾರಪ್ಪ ಇದೇ ಬೇನೆಯಿಂದ ಹೋಗಿದ್ದ. ಆಗ ಈ ಸೂಜಿ ಇರಲಿಲ್ಲ. ಕೊನೆಯ ತಿಂಗಳು ಅವನನ್ನು ಹಿತ್ತಲ ಚಪ್ಪರದಲ್ಲಿ ಮಲಗಿಸಿದ್ದನ್ನು ಶಿವಬಸವ್ವ ಕಣ್ಣಾರೆ ಕಂಡಿದ್ದಳು. ಕಡೆಗೆ ಹೆಣ ಮೂವರೇ ಎತ್ತುವಷ್ಟು ಹಗುರಾಗಿತ್ತು. ಅವಳು ಕುಣಿಯಿಂದ ಎದ್ದು ಬಂದಳು.

"ನನ್ನ ಕಿವಿ ಬೇಕಂದ್ರ ನೀ ನಾಳಿ ಬಸ್ಸಿಗೆ ರೋಣಕ್ಕ ಹೋಗಿ ಹದಿನೇಳನೇ ಸೂಜಿ ಮಾಡಸ್ಕೊಂಡು ಬಾ. ವಾರಕ್ಕ ಮೂರು ಸೂಜಿ, ವಾರಕ್ಕ ಮೂರು ದಿನ ನಾ. ಸೂಜಿ ತಪ್ಪಿದ ದಿನ ನಾ ಬರೂದಿಲ್ಲ."

"ನಾಕು ಡ್ರಮ್ಮಿನ ದನಿನೂ ಹೋದ್ರ?"

"ಹೋಗಲಿ. ನನ್ನ ಕಿವಿ ಅದಾವಲ್ಲ," ಎಂದುಬಿಟ್ಟಳು. ಎಷ್ಟು ಸಲೀಸಾಗಿ ಎಂದಳು! ಕಳೆದುಕೊಳ್ಳುವವನು ಅವನು, ಹೋಗಲಿ ಎಂದವಳು ಇವಳು.

ಅದೇ ಓಣಿಯಲ್ಲಿದ್ದ ಅತ್ತೆಯ ಮನೆಗೆ ಹೋಗಲು ಅಪ್ಪ ಬೇಡ ಎಂದಿರಲಿಲ್ಲ. ಅದೊಂದು ದಾರಿ ಉಳಿದಿತ್ತು. ಹುಚ್ಚವ್ವನ ಹಿತ್ತಲಿನಲ್ಲಿ, ಅದೇ ಚಪ್ಪರದ ಕೆಳಗೆ, ಕಳಕಪ್ಪ ನರಗುಂದದಿಂದ ತಂದ ಡ್ರಮ್ಮು, ಚರ್ಮಗಳನ್ನು ಹರವಿಕೊಂಡು ಕುಳಿತಿರುತ್ತಿದ್ದ. ಹುಚ್ಚವ್ವ ಇಬ್ಬರ ನಡುವೆ ನಾಲ್ಕು ಮೊಳ ಜಾಗ ಬಿಡಿಸಿ, ಜೋಳ ಹಸನು ಮಾಡುವ ನೆವದಲ್ಲಿ ತಾನೂ ಅಲ್ಲೇ ಕೂಡುತ್ತಿದ್ದಳು.

ಮೊದಲ ದಿನ ಅವನು ಒಂದು ಚರ್ಮ ಬಿಸಿಲಿಗೆ ಎತ್ತಿ ಹಿಡಿದ. "ನಡುವ ಕರೀ ಗೆರಿ ಕಾಣಸ್ತೈತೇನು? ಅದು ಬೆನ್ನು. ಅದು ಮುಖದ ನಟ್ಟ ನಡುವ ಬರಬೇಕು. ಹೊಟ್ಟಿ ಕಡಿ ಚರ್ಮ ಹಿಗ್ಗತೈತಿ, ಅದನ್ನ ನಂಬಬಾರ್ದು."

"ಮನಷ್ಯಾರಾಗೂ ಹಂಗ," ಎಂದಳು ಶಿವಬಸವ್ವ. ಅತ್ತೆ ನಕ್ಕಳು.

ದೊಡ್ಡ ಡ್ರಮ್ಮಿಗೆ ಎಮ್ಮೆಗರುವಿನ ದಪ್ಪ ಚರ್ಮ, ನಡುವಿನ ಮೂರಕ್ಕೆ ಮುದಿ ಹೋತದಿಂದ ಹಿಡಿದು ಎಳೆ ಹೋತದವರೆಗೆ, ಸಣ್ಣದಕ್ಕೆ ಇನ್ನೂ ಈಯದ ಆಡಿನ ತೆಳು ಚರ್ಮ. ಉಣ್ಣೆಹುಳ ಕಚ್ಚಿದ ಕಲೆಯಿದ್ದದ್ದನ್ನೆಲ್ಲ ಅವನು ಬದಿಗೆಸೆದ. ನೆನೆಸಿದ ಚರ್ಮಕ್ಕೆ ಕಬ್ಬಿಣದ ಬಳೆ ಕೂರಿಸಿ, ಸ್ಕ್ರೂ ಬಿಗಿಯುವುದು ಅವನ ಕೆಲಸ. ಅಂಚಿನ ಎಂಟು ಕಡೆ ಬೆರಳಿನಿಂದ ತಟ್ಟಿದಾಗ ಎಂಟೂ ಕಡೆ ಒಂದೇ ದನಿ ಬಂತೋ ಇಲ್ಲವೋ ಹೇಳುವುದು ಅವಳ ಕೆಲಸ. ಅವಳಿಗೆ ಅದು ಬೇಗ ಕೈಗೆ ಹತ್ತಿತು. ಹಾಸಿನಲ್ಲಿ ಒಂದೆಳೆ ಸಡಿಲಿದ್ದರೂ ಹೆಬ್ಬೆರಳಿಗೆ ತಿಳಿಯುವ ಹೆಂಗಸಿಗೆ ಇದೇನು ದೊಡ್ಡದಲ್ಲ.

ಅವಳು ಮಾತಾಡುವಾಗ ಕಳಕಪ್ಪ ಅವಳ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಮೊದಮೊದಲು ಹೀಗಿರಲಿಲ್ಲ. ಇಪ್ಪತ್ತೈದನೇ ಸೂಜಿಯ ಹೊತ್ತಿಗೆ ಅವನ ನೋಟ ಅವಳ ತುಟಿಯ ಮೇಲೇ ನಿಲ್ಲುತ್ತಿತ್ತು. ಅವಳು "ಎಡಕ್ಕ ಒಂದೀಟು ಬಿಗಿ," ಎಂದರೂ ಅದೇ ನೋಟ, "ಅತ್ತಿ, ನೀರು ಕೊಡು," ಎಂದರೂ ಅದೇ ನೋಟ. ಶಿವಬಸವ್ವನ ಕಿವಿ ಕೆಂಪಾಗುತ್ತಿದ್ದವು. ಮನೆಗೆ ಹೋಗಿ ಮಗ್ಗದಲ್ಲಿ ಕುಳಿತರೆ ಹೊಕ್ಕಿನ ಎಳೆ ತಪ್ಪುತ್ತಿತ್ತು.

ಒಂದು ದಿನ ಅವನು ಅವಳನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರಿಸಿ, ಐದೂ ಡ್ರಮ್ಮುಗಳನ್ನು ಅವಳ ಸುತ್ತ ಅರ್ಧಚಂದ್ರದ ಹಾಗೆ ಜೋಡಿಸಿದ. ಕೈ ಚಾಚು ಎಂದ. ಮುಟ್ಟದಿದ್ದದ್ದನ್ನು ಹತ್ತಿರ ಸರಿಸಿದ, ಎತ್ತರವಾದದ್ದನ್ನು ಅವಳ ಕಡೆಗೆ ಬಾಗಿಸಿದ.

"ಬಾರಸಾಂವ ಕಂಪನ್ಯಾಗಿನ ಗಂಡಸು. ನನ್ನ ಕೈ ಅಳತಿ ಯಾಕ ಬೇಕು ನಿನಗ?"

ಅವನು ತುಟಿ ನೋಡಿದ, ನಕ್ಕ. "ಅಳತಿ ಒಂದು ನೆವ," ಎಂದ.

ಆ ಮಾತನ್ನು ಅವಳು ಎಂಟು ದಿನ ನೆನೆನೆನೆದು ಉಂಡಳು. ಅವನ ಕೆಮ್ಮು ನಿಂತಿತ್ತು, ಕೆನ್ನೆಗೆ ರಕ್ತ ಬಂದಿತ್ತು. ಇಷ್ಟು ಸುಖವೂ ತನಗುಂಟೆ ಎನಿಸುತ್ತಿತ್ತು ಅವಳಿಗೆ.

ದಸರೆಯ ಮರುದಿನ ಚಿತ್ತಾ ಮಳೆ ಹಿಡಿಯಿತು. ಕಳಕಪ್ಪ ಮೂವತ್ತೊಂದನೇ ಸೂಜಿಗೆ ರೋಣಕ್ಕೆ ಹೋಗಿದ್ದ. ಶಿವಬಸವ್ವ ಬಂದು ನೋಡಿದರೆ ಥಂಡಿಗೆ ದೊಡ್ಡ ಡ್ರಮ್ಮಿನ ಚರ್ಮ ಜೋತುಬಿದ್ದಿದೆ. ಥಂಡಿಗೆ ನೂಲು ಮೆತ್ತಗಾದರೆ ನೇಕಾರರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಜೋಳದ ಗಂಜಿ ಕಾಸಿ, ಮನೆಯಿಂದ ಕುಂಚ ತಂದು, ಹಾಸಿನ ನೂಲಿಗೆ ಹಚ್ಚಿದ ಹಾಗೆ ಒಂದೇ ಸಮನಾಗಿ ಚರ್ಮಕ್ಕೆ ಹಚ್ಚಿ, ಒಲೆಯ ಹತ್ತಿರ ಆರಲು ಇಟ್ಟಳು. ಯಾರೂ ಹೇಳದೆ ತಾನೇ ಒಂದು ಉಪಾಯ ಮಾಡಿದೆ ಎಂಬ ಹೆಮ್ಮೆ ಬೇರೆ.

ಸಂಜೆ ಆರಿದಮೇಲೆ ತಟ್ಟಿದಳು. ದನಿ ಸತ್ತುಹೋಗಿತ್ತು. ಹಿಟ್ಟಿನ ಚೀಲಕ್ಕೆ ಗುದ್ದಿದ ಹಾಗೆ, ದಬ್, ಅಷ್ಟೇ. ತಿಂಗಳ ಕೆಲಸ ಹಾಳು ಮಾಡಿದೆನಲ್ಲ ಎಂದುಕೊಂಡಳು. ಅಷ್ಟರಲ್ಲಿ ಕಳಕಪ್ಪ ಬಸ್ಸಿಳಿದು ಬಂದ. ಅವಳು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವ ಮೊದಲೇ ಅವನು ಕುಕ್ಕರುಗಾಲಲ್ಲಿ ಕುಳಿತು, ದೊಡ್ಡ ಡ್ರಮ್ಮಿನ ಮೇಲೆ ನಾಲ್ಕು ಪೆಟ್ಟು ಹಾಕಿದ.

ದಬ್. ದಬ್. ದಬ್. ದಬ್.

ಅವನ ಮುಖ ಅರಳಿತು. "ಕೇಳಿದ್ಯೇನು? ಮೂವತ್ತೊಂದು ಸೂಜಿ ಆದ್ರೂ ಇದರ ದನಿ ನನಗ ಹಂಗ ಕೇಳಸ್ತೈತಿ. ಗುಡುಗು ಅಂದ್ರ ಗುಡುಗು."

ಶಿವಬಸವ್ವ ಮೆಲ್ಲಗೆ ಎದ್ದು ಅವನ ಬೆನ್ನ ಹಿಂದೆ ಹೋದಳು.

"ಮಾವ," ಎಂದಳು.

ಅವನು ಸ್ಕ್ರೂ ಒರೆಸುತ್ತಿದ್ದ.

"ಮಾವ, ಹಿಂದ ನೋಡು."

ಸ್ಕ್ರೂ ಒರೆಸುತ್ತಲೇ ಇದ್ದ.

"ಕಳಕಪ್ಪಾ!" ಎಂದು ಚೀರಿದಳು. ಒಳಗಿದ್ದ ಹುಚ್ಚವ್ವ ಹೆದರಿ ಹೊರಗೋಡಿ ಬಂದಳು. ತಾಯಿಯನ್ನು ಕಂಡು ಅವನು ತಲೆ ಎತ್ತಿದ, ಅವಳು ಯಾರ ಕಡೆ ನೋಡುತ್ತಿದ್ದಾಳೆಂದು ತಿರುಗಿದ. ಶಿವಬಸವ್ವನ ಮುಖ ನೋಡಿದ. ಇನ್ನು ಮುಚ್ಚಿಡಲು ಏನೂ ಇರಲಿಲ್ಲ.

ತುಟಿಯ ಮೇಲೆ ನಿಂತ ಆ ನೋಟವೆಲ್ಲ ಏನೆಂದು ಅವಳಿಗೆ ಈಗ ತಿಳಿಯಿತು. ನಾಚಿಕೊಂಡದ್ದೆಲ್ಲ ನೆನಪಾಗಿ, ನಾಚಿಕೆ ಸುಡತೊಡಗಿತು.

"ಎಂದಿನಿಂದ?" ಎಂದು ತುಟಿ ಬಿಡಿಸಿ ಬಿಡಿಸಿ ಕೇಳಿದಳು.

"ಇಪ್ಪತ್ನಾಕಕ್ಕ ಎಲ್ಲಾ ಹೋತು."

"ಹೇಳಲಿಲ್ಲ ಯಾಕ? ನಾನ ಕಳಿಸಿದ್ನಲ್ಲೋ! ನಾನ ಹೋಗಲಿ ಅಂದ್ನಲ್ಲೋ!" ಅವಳು ಎದೆ ಗುದ್ದಿಕೊಂಡಳು. ಹುಚ್ಚವ್ವ ಬಂದು ಕೈ ಹಿಡಿದಳು.

ಕಳಕಪ್ಪನ ದನಿ ಎತ್ತರಕ್ಕೂ ತಗ್ಗಿಗೂ ತೂಗುತ್ತಿತ್ತು. ತನ್ನ ದನಿಯೇ ಕೇಳದವನು ಮಾತಾಡುವುದು ಹಾಗೆ. "ಹೇಳಿದ್ರ ನೀ ಬಿಡು ಅಂತಿದ್ದಿ. ನೀ ಅಂದ್ರ ನಾ ಬಿಡತಿದ್ದೆ. ನನಗ ಬಿಡೂದು ಬೇಕಾಗಿರಲಿಲ್ಲ ಶಿವಿ. ಮೊದಲಿಗೆ ಕಿವಿನ ಎಲ್ಲಾ ಅಂತ ತಿಳದಿದ್ದೆ. ನೀ ಬಂದು ಇಲ್ಲಿ ಕುಂತ ಮ್ಯಾಲ ಬದಕಬೇಕನಸಿತು. ನಿನ್ನ ಕೂಡ ಬದಕಬೇಕನಸಿತು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಶಿವಬಸವ್ವ ಅವನ ಎದುರು ಬಂದು ಕುಳಿತು ಕೇಳಿದಳು. "ಕೊನಿಗೆ ಕೇಳಿದ್ದು ಏನು?"

"ನೀ ಬೈದದ್ದು. ಸ್ಕ್ರೂ ತಪ್ಪಿ ಬಿಗದಾಗ, 'ಕಣ್ಣು ಎಲ್ಲಿಟ್ಟೀಯೋ ಖೋಡಿ' ಅಂದಿದ್ದಿ."

"ಅಯ್ಯ, ಬ್ಯಾರೆ ಏನರ ಚಲೋ ಮಾತು ಇರಬಾರದಾಗಿತ್ತ?"

"ಚಲೋನ ಇತ್ತು." ಅವನು ಡ್ರಮ್ಮಿನ ಅಂಚು ಸವರಿದ. "ತುಟಿ ನೋಡಿದ್ದು ಮಾತಿಗಂತ ಖರೇ. ಬರೇ ಮಾತಿಗಷ್ಟ ಅಲ್ಲ." ಆಮೇಲೆ ಬೆರಳು ಮೂಸಿ ನೋಡಿಕೊಂಡು ಹುಬ್ಬು ಗಂಟಿಕ್ಕಿದ. "ಇದೇನು, ಗಂಜಿ?"

ಅವಳು ಅಳುತ್ತಲೇ ತಲೆಯಾಡಿಸಿದಳು. ಆ ಚರ್ಮ ಕಿತ್ತರು. ಹೊಸದನ್ನು ಆರಿಸಿ, ಬೆನ್ನಿನ ಗೆರೆ ನಡುವೆ ತಂದು ಅವನು ಕೂರಿಸಿದ. ಅದು ಆರಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಅವಳು ಎಂಟೂ ಕಡೆ ತಟ್ಟಿದಳು, ಅವನು ಕಟ್ಟಿಗೆಯ ಮೈಗೆ ಅಂಗೈ ಒತ್ತಿ ಅವಳನ್ನೇ ನೋಡುತ್ತಿದ್ದ. ಚಲೋ ಐತಿ ಎಂದುಬಿಡಬಹುದಿತ್ತು. ಅವಳು ಇಲ್ಲ ಎಂದು ಕೈ ಆಡಿಸಿದಳು. ಅವನು ಬಿಗಿದ. ಮತ್ತೆ ಇಲ್ಲ ಎಂದಳು. ಸೂರ್ಯ ಗುಡ್ಡದ ಹಿಂದೆ ಇಳಿಯುವವರೆಗೆ ಇಲ್ಲ ಎನ್ನುತ್ತಲೇ ಇದ್ದಳು. ಆಮೇಲೆ ಹೂಂ ಎಂದಳು.

ಅಂದಾನೆಪ್ಪ ಮಾಸ್ತರರು ಚಕ್ಕಡಿ ತಂದು ಐದೂ ಡ್ರಮ್ಮು ಹೇರಿಕೊಂಡು ಹೋದರು. ಹೇರುವ ಮೊದಲು ಬಾರಿಸಿ ನೋಡಿ, "ಇಂಥಾ ಕಿವಿ ಎಲ್ಲಿಂದ ತಂದ್ಯೋ?" ಎಂದು ಬೆನ್ನು ತಟ್ಟಿದರು. ಕಳಕಪ್ಪ ಅವರ ತುಟಿ ನೋಡಿ ನಕ್ಕ.

ಸೂಜಿಗಳು ಇನ್ನೂ ಉಳಿದಿದ್ದವು. ಮರುದಿನದ ಬಸ್ಸಿಗೆ ಶಿವಬಸವ್ವನೂ ಹೊರಟಳು. ಹಾಡಹಗಲು, ಊರೆಲ್ಲ ನೋಡುವಂತೆ, ಅವನ ಪಕ್ಕದ ಸೀಟಿನಲ್ಲೇ ಕುಳಿತಳು. ಎರಡು ಸಾಲು ಮುಂದೆ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನು ಅವಳ ಅಪ್ಪ. ಕಂಡೂ ಅವಳು ಏಳಲಿಲ್ಲ.

ಕಂಡಕ್ಟರ್ ಬಂದ. "ಯಜಮಾನ್ರ, ಎಲ್ಲಿಗಿ?"

ಕಳಕಪ್ಪ ಕಿಟಕಿಯ ಹೊರಗೆ ಬಿಳಿಜೋಳದ ಹೊಲ ನೋಡುತ್ತಿದ್ದ.

"ಏ ಯಜಮಾನ್ರ! ಕಿವಿ ಕೇಳಸೂದಿಲ್ಲೇನು?"

ಜನ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ಶಿವಬಸವ್ವ ಎದ್ದು ನಿಂತಳು. ಎದ್ದ ರಭಸಕ್ಕೆ ಸೆರಗು ಜಾರಿತು, ತಲೆಯ ಮೇಲೆ ಎಳೆದುಕೊಂಡಳು.

"ಕೇಳಸೂದಿಲ್ರಿ ಅವರಿಗೆ. ನಮ್ಮ ಮನಿಯವರು ಅವರು. ಏನು ಕೇಳೂದಿದ್ರೂ ನನ್ನ ಕೇಳ್ರಿ. ರೋಣಕ್ಕ ಎರಡು ಕೊಡ್ರಿ."

ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿತು. ಫಕ್ಕೀರಪ್ಪನಿಗೂ ಕೇಳಿತು. ಅವನು ತಿರುಗಿ ಮಗಳನ್ನು ನೋಡಿದ, ಅವಳ ಪಕ್ಕದವನನ್ನು ನೋಡಿದ. ಏನೋ ಅನ್ನಲು ಬಾಯಿ ತೆರೆದವನು ಅನ್ನದೆ ಮುಂದಕ್ಕೆ ತಿರುಗಿ, ಗಂಟನ್ನು ಎರಡೂ ಕೈಯಿಂದ ಅವಚಿ ಕುಳಿತ.

ಕೇಳದೆ ಉಳಿದವನು ಕಳಕಪ್ಪ ಒಬ್ಬನೇ. ಅವಳು ಕುಳಿತದ್ದು ತಿಳಿದು ಈ ಕಡೆ ಹೊರಳಿದ. ಅವಳ ಕಣ್ಣಲ್ಲಿ ನೀರು ಕಂಡು ಗಾಬರಿಯಾಗಿ, "ಏನಂದಿ ಅವಂಗ?" ಎಂದ.

ಅವಳು ಎರಡು ಬೆರಳು ಎತ್ತಿ ತೋರಿಸಿದಳು.