ಮಣ್ಣಿನ ಹಸು ಕುಡಿದ ಮಳೆ

"ಕುಡಿಸಿಬಿಟ್ಟೆಯಾ? ಅಷ್ಟೂನಾ?"

ಬಿಬಾತ ಮಳೆಮಾಪಕವನ್ನು ಗೂಟದಿಂದ ಬಿಡಿಸಿ ತಲೆಕೆಳಗು ಮಾಡಿದಳು. ಒಂದು ತೊಟ್ಟೂ ಬೀಳಲಿಲ್ಲ.

"ನನ್ನ ಹಸುಗೆ ಬಾಯಾರಿಕೆ ಆಗಿತ್ತು," ಎಂದ ಐದು ವರ್ಷದ ತಮ್ಮ ಇಸ್ಸಾ. ಅವನ ಮುಂದೆ ಮಣ್ಣಿನ ಹಸುವೊಂದು ಮೂತಿ ಕರಗಿಸಿಕೊಂಡು ನಿಂತಿತ್ತು.

"ಅಂಗಳದ ತುಂಬ ನೀರಿದೆಯಲ್ಲೋ ಕೋತಿ!"

"ಅದು ಗಲೀಜು. ಕುಡಿದ್ರೆ ಹೊಟ್ಟೆನೋವು ಬರುತ್ತೆ."

ಬಿಬಾತಳಿಗೆ ಅಳುವೇ ಬಂತು. ಅತ್ತೆಯ ಮದುವೆಗೆಂದು ಪಕ್ಕದ ಊರಿಗೆ ಹೋಗುವಾಗ ಅಪ್ಪ ಅವಳಿಗೆ ಒಂದೇ ಒಂದು ಕೆಲಸ ವಹಿಸಿದ್ದ. ಬೆಳಿಗ್ಗೆ ಏಳಕ್ಕೆ ಮಾಪಕ ನೋಡಬೇಕು, ಎಷ್ಟು ಮಿಲಿಮೀಟರ್ ಮಳೆ ಎಂದು ಬುಕ್ಕಿನಲ್ಲಿ ಬರೆಯಬೇಕು, ಅಷ್ಟೇ. ಹದಿನಾರು ವರ್ಷದಿಂದ ಅಪ್ಪ ಒಂದು ದಿನವೂ ತಪ್ಪಿಸಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಅದೂ ಅಲ್ಲದೆ, ಆ ಬುಕ್ಕು ನೋಡಲು ನಿಯಾಮೆ ನಗರದಿಂದ ವಿಜ್ಞಾನಿ ಮೇಡಂ ಬರುವುದು ಇವತ್ತೇ!

ಪಕ್ಕದ ಮನೆಯ ಕಾದಿ ಅಜ್ಜಿ ಸಜ್ಜೆ ಕುಟ್ಟುವುದನ್ನು ನಿಲ್ಲಿಸಿದಳು. "ಅಷ್ಟಕ್ಕೇ ಯಾಕೆ ಮುಖ ಊದಿಸ್ಕೊಂಡಿದೀಯ? ನನ್ನ ಮಡಿಕೆ ಅರ್ಧ ತುಂಬಿದೆ. ಮೂವತ್ತು ಅಂತ ಬರಿ. ಆಕಾಶ ಏನು ಇಳಿದು ಬಂದು ಕೇಳುತ್ತಾ?"

ಮೂವತ್ತು ಜಾಸ್ತಿಯಾಯಿತು ಎನಿಸಿತು. ಸರಿಯಾಗಿ ಇಪ್ಪತ್ತು ಎಂದು ಬರೆದರೆ ಅಂದಾಜಿನ ಅಂಕಿ ಎಂದು ಗೊತ್ತಾಗಿಬಿಡುತ್ತದೆ. ಬಿಬಾತ ಇಪ್ಪತ್ತೆರಡು ಎಂದು ಬರೆದಳು.

ಹತ್ತು ಗಂಟೆಗೆ ಸಲಮಾತು ಮೇಡಂ ಕೆಸರು ಮೆತ್ತಿದ ಜೀಪಿನಿಂದ ಇಳಿದರು. ಬೇವಿನ ಮರದ ಕೆಳಗೆ ಚಾಪೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದರು. ನಕಾಶೆಯಲ್ಲಿ ನೀಲಿ ಬಣ್ಣ ಸಮುದ್ರದ ಕಡೆಯಿಂದ ಮೇಲಕ್ಕೆ ಹಬ್ಬುತ್ತಾ ಬಂತು.

"ಇದು ನಿಜವಾದ ಮಳೇನಾ ಮೇಡಂ?"

"ಅಲ್ಲ ಮರಿ, ಲೆಕ್ಕದ ಮಳೆ. ಗಾಳಿ ಎಷ್ಟಿದೆ, ಸಮುದ್ರ ಎಷ್ಟು ಬಿಸಿ ಇದೆ ಅಂತ ಹೇಳಿಕೊಟ್ರೆ, ಮುಂಗಾರು ಹೀಗೆ ಬರಬಹುದು ಅಂತ ಕಂಪ್ಯೂಟರ್ ತೋರಿಸುತ್ತೆ. ಇದಕ್ಕೆ ಮಾಡೆಲ್ ಅಂತಾರೆ. ನಿನ್ನೆ ರಾತ್ರಿ ಮಳೇನೇ ಇದಕ್ಕೆ ಪರೀಕ್ಷೆ. ಉತ್ತರ ನಿಮ್ಮಪ್ಪನ ಬುಕ್ಕಲ್ಲಿದೆ!"

ಮೇಡಂ ಬುಕ್ಕು ಬಿಡಿಸಿದರು. ಅವರ ನಗು ಮಾಯವಾಯಿತು.

"ಇಪ್ಪತ್ತೆರಡಾ? ಮಾಡೆಲ್ ಆರು ಅಂದಿತ್ತಲ್ಲ! ಎಲ್ಲಿ ಎಡವಿದೆ ನಾನು?"

ಅವರು ಪೆನ್ನು ಕಚ್ಚುತ್ತಾ ಉದ್ದನೆಯ ಲೆಕ್ಕಗಳನ್ನು ತೆರೆದರು. ಅರ್ಧ ಗಂಟೆಯಾಯಿತು. ಬಿಬಾತ ತಂದಿಟ್ಟ ಟೀ ಆರಿಹೋಯಿತು. "ಮೂರು ವರ್ಷದ ಕೆಲಸ," ಎಂದು ಮೇಡಂ ತಮ್ಮಷ್ಟಕ್ಕೆ ಗೊಣಗಿಕೊಂಡರು.

ಬಿಬಾತಳಿಗೆ ತಡೆಯಲಾಗಲಿಲ್ಲ. "ಮೇಡಂ, ಆ ಇಪ್ಪತ್ತೆರಡು ಸುಳ್ಳು. ನಾನೇ ಬರೆದಿದ್ದು. ನಿಜವಾದ ಮಳೇನ ಇವನ ಹಸು ಕುಡಿದುಬಿಡ್ತು."

ಮೇಡಂ ಹಸುವನ್ನು ನೋಡಿದರು, ಇಸ್ಸಾನನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಸದ್ಯ ಹೇಳಿದೆಯಲ್ಲ! ಇಲ್ದಿದ್ರೆ ಚೆನ್ನಾಗಿರೋ ಮಾಡೆಲನ್ನ ಕೈಯಾರೆ ಕೆಡಿಸ್ತಿದ್ದೆ. ಎಷ್ಟು ಅಂತ ಗೊತ್ತಿಲ್ಲದಿದ್ರೆ ಒಂದು ಗೆರೆ ಎಳಿ, ಸಾಕು," ಎಂದರು.

ಬಿಬಾತ ಅಂಕಿ ಹೊಡೆದುಹಾಕಿ ಗೆರೆ ಎಳೆದಳು. ಅಪ್ಪನ ಬುಕ್ಕು ತನ್ನಿಂದ ಕೆಟ್ಟಿತಲ್ಲ ಎಂದು ಮಧ್ಯಾಹ್ನ ಊಟವೂ ಸೇರಲಿಲ್ಲ.

ಸಂಜೆ ಅಪ್ಪ ಬಂದ. ಬಿಬಾತ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು. ಅಪ್ಪ ಬುಕ್ಕು ನೋಡಿದ. ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಹಳೆಯ ಬುಕ್ಕೊಂದನ್ನು ತಂದು, ಹಾಳೆ ತಿರುವಿ ಅವಳ ಮುಂದೆ ಹಿಡಿದ. ಅಂಕಿಗಳ ನಡುವೆ ಅಲ್ಲೂ ಒಂದು ಗೆರೆ!

"ನೀನೂ ತಪ್ಪಿಸಿದ್ಯಾ ಬಾಬಾ? ಊರೋರೆಲ್ಲ ಇಲ್ಲ ಅಂತಾರೆ!"

"ಊರೋರು ಏನು, ಬಾಯಿಗೆ ಬಂದಿದ್ದು ಹೇಳ್ತಾರೆ. ತಾರೀಖು ಓದು."

"ಆಗಸ್ಟ್ ಒಂಬತ್ತು..." ಬಿಬಾತ ಇಸವಿಯನ್ನೂ ನೋಡಿದಳು. ಅದು ಅವಳು ಹುಟ್ಟಿದ ದಿನ.

"ಅವತ್ತು ಎಷ್ಟು ಮಳೆ ಬಂದಿತ್ತು ಬಾಬಾ?"

"ಯಾರಿಗೆ ಗೊತ್ತು! ನಾನು ಆಸ್ಪತ್ರೇಲಿ ನಿನ್ನನ್ನ ಎತ್ಕೊಂಡು ಕೂತಿದ್ದೆ."

ಬಿಬಾತ ಆ ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು.