ಕಲ್ಲುಸಕ್ಕರೆ ಬಟ್ಟಲಿನ ಭೂತಗನ್ನಡಿ

ಕಲ್ಲುಸಕ್ಕರೆಯ ಬಟ್ಟಲಲ್ಲಿ ಉಂಗುರ ಇರಲಿಲ್ಲ.

ಮೊದಲು ನೋಡಿದ್ದು ಗಂಡಿನ ಸೋದರತ್ತೆ ಬಖ್ಮಲ್. ಮದುವೆಯ ಉಂಗುರವನ್ನು ಹೆಂಗಸರಿಗೆ ತೋರಿಸಲೆಂದು ಅವಳೇ ಬೆಳಿಗ್ಗೆ ಹೆಣ್ಣಿನ ಮನೆಗೆ ತಂದು ಉಡುಗೊರೆಯ ತಟ್ಟೆಗಳ ನಡುವೆ ಇಟ್ಟಿದ್ದಳು. ಹರಳಿಲ್ಲದ ಬರಿಯ ಚಿನ್ನದ ಉಂಗುರ. ನಮ್ಮ ಯೆಹೂದಿ ಮದುವೆಯಲ್ಲಿ ಬೇರೆ ಬಗೆಯದು ನಡೆಯುವುದಿಲ್ಲ. ಈಗ ಅದರ ಜಾಗದಲ್ಲಿ ಒಂದು ಪುಟ್ಟ ಭೂತಗನ್ನಡಿ ಇತ್ತು — ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದು.

"ಇದೇನು ಮದುವೆ ಮನೆಯೋ, ಕಳ್ಳರ ಸಂತೆಯೋ?" ಬಖ್ಮಲ್ ಅಂಗಳಕ್ಕೆ ಕೇಳುವಂತೆ ಕೂಗಿದಳು. "ಹೊತ್ತು ಮುಳುಗೋದ್ರೊಳಗೆ ಉಂಗುರ ಸಿಗ್ಬೇಕು. ಇಲ್ದಿದ್ರೆ ನಮ್ಮ ಹುಡುಗ ಮನಾಶೆ ಈ ಹೊಸಿಲು ದಾಟಲ್ಲ!"

ಹೆಣ್ಣಿನ ತಾಯಿ ಇಸ್ತಾಮ್ ಗೋಡೆಗೆ ಒರಗಿದಳು. ಮದುಮಗಳು ಬುಲೋರ್ ಮದುವೆಯ ದಿನದ ಉಪವಾಸದಲ್ಲಿದ್ದಳು. ತೀಡಿದ ಹುಬ್ಬು ಇನ್ನೂ ಕೆಂಪಗಿತ್ತು. ಅವಳು ಅಳಲಿಲ್ಲ. ತುಟಿ ಮಾತ್ರ ಬಿಳಿಚಿತ್ತು.

"ಬೇರೆ ಉಂಗುರ ಇಟ್ರಾಯ್ತಪ್ಪ," ಎಂದಳು ಯಾರೋ. "ಹೆವ್ಸಿ ಬೆರಳಲ್ಲಿ ಇದೆಯಲ್ಲ."

"ಗಂಡ ಸತ್ತವಳ ಉಂಗುರಾನಾ? ಬಾಯಿ ತೊಳ್ಕೊ!"

ನಾನು ಉಂಗುರವಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಭಾವನನ್ನು ಕರೆತರಲು ಹೋದೆ.

ಮುರ್ದಖಾಯ್ ಭಾವ ನನ್ನ ಗಂಡನ ಅಣ್ಣ. ಸಮರ್ಕಂದ್ ಪೊಲೀಸಿನಲ್ಲಿ ತನಿಖೆ ಮಾಡುತ್ತಿದ್ದವರು. ಮಂಡಿ ಕೆಟ್ಟ ಮೇಲೆ ಮನೆಯಲ್ಲೇ ಇದ್ದರು. ಕೋಲೂರಿಕೊಂಡು ಬಂದು ಬಟ್ಟಲನ್ನು ನೋಡಿದರು. ಮುಟ್ಟಲಿಲ್ಲ.

"ತಟ್ಟೆ ಇಟ್ಟ ಮೇಲೆ ಈ ಕೋಣೆಗೆ ಯಾರ್ಯಾರು ಬಂದ್ರಿ?"

"ನಾನು, ಇಸ್ತಾಮ್, ದಮ್ಮಡಿ ಬಾರಿಸೋ ಮಿಖಾಲ್," ಎಂದಳು ಬಖ್ಮಲ್.

"ಮತ್ತೆ?"

"ಮತ್ಯಾರೂ ಇಲ್ಲ. ಲೇಜರ್ ಬಂದು ಗೋಡೆ ಗಡಿಯಾರಕ್ಕೆ ಕೀ ಕೊಟ್ಟು ಹೋದ್ರು, ಅಷ್ಟೆ."

"ಲೇಜರ್ ಲೆಕ್ಕಕ್ಕಿಲ್ವಾ?"

"ಅವರನ್ನ ಯಾಕಪ್ಪ ಲೆಕ್ಕಕ್ಕೆ ತಗೊಳ್ತೀಯ? ಇವತ್ತಿನ ಸಾಕ್ಷೀನೇ ಅವರು!"

ವರ ಉಂಗುರ ತೊಡಿಸುವುದನ್ನು ಇಬ್ಬರು ಗಂಡಸರು ಕಣ್ಣಾರೆ ಕಂಡು ಸಾಕ್ಷಿಯಾಗಬೇಕು. ಅವರು ಯಾವ ಕಡೆಗೂ ನೆಂಟರಾಗಿರಬಾರದು. ನಮ್ಮ ಕೇರಿಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಒಬ್ಬ ಸಾಕ್ಷಿ ತಾಷ್ಕೆಂಟಿನಿಂದ ಬಂದಿದ್ದ. ಇನ್ನೊಬ್ಬರಾಗಿ ಸಿಕ್ಕವರು ಲೇಜರ್ — ಎರಡನೇ ಮಹಾಯುದ್ಧದ ಕಾಲದಲ್ಲಿ ಉಕ್ರೇನಿನಿಂದ ಓಡಿಬಂದ ಒಂಟಿ ಮನುಷ್ಯ. ಜೊತೆಗೆ ಬಂದವರೆಲ್ಲ ಯುದ್ಧ ಮುಗಿದ ಮೇಲೆ ಹಿಂದಿರುಗಿದರು. ಅವರು ಮಾತ್ರ ಇಸ್ತಾಮ್ ಮನೆಯ ಎದುರಿಗೇ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡು ಉಳಿದರು.

ಭಾವ ಮಿಖಾಲ್ ಕಡೆ ತಿರುಗಿದರು. ಅವಳು ದಮ್ಮಡಿಯನ್ನು ಅವರ ಮುಖದೆದುರು ಜಣಜಣ ಅಲ್ಲಾಡಿಸಿದಳು.

"ನನ್ನ ಹತ್ರ ಇರೋ ಉಂಗುರ ಎಲ್ಲ ಇದರ ಒಳಗಿವೆ. ಕಬ್ಬಿಣದ್ದು. ಬೇಕಾ? ಮದುವೆ ನಿಂತ್ರೆ ನಂಗೆ ಪಲಾವೂ ಇಲ್ಲ, ಪುಡಿಗಾಸೂ ಇಲ್ಲ. ನಾನ್ಯಾಕೆ ಕದೀಲಿ?"

"ಬಖ್ಮಲ್ ಅತ್ತೆ, ಮನಾಶೆಗೆ ನಿಮ್ಮ ನಾದಿನಿ ಮಗಳನ್ನ ತರ್ಬೇಕು ಅಂತ ಇದ್ರಂತೆ?" ಎಂದರು ಭಾವ.

"ಇದ್ದೆ! ಇಡೀ ಕೇರಿಗೆ ಹೇಳ್ಕೊಂಡು ತಿರುಗಿದೀನಿ. ಕದಿಯೋಳು ಹಂಗೆ ಡಂಗುರ ಹೊಡೀತಾಳಾ?"

ಲೇಜರ್ ಅವರನ್ನು ಕರೆಸಿದರು. ಮದುವೆ ಮಾಡಿಸುವ ರಬ್ಬಿ ಪಿನ್ಖಾಸರೂ ಜೊತೆಗೆ ಬಂದರು.

"ಈ ಭೂತಗನ್ನಡಿ ನಿಮ್ಮದಾ?"

"ನನ್ನದೇ."

"ಬಟ್ಟಲಿಗೆ ಹೇಗೆ ಬಂತು?"

"ಬಟ್ಟಲಿಗೆ ಕೈ ಹಾಕ್ದಾಗ ಬಿದ್ದಿರ್ಬೇಕು."

"ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕ್ಕೊಂಡಿರ್ತಾರೆ," ಎಂದಳು ಬಖ್ಮಲ್. "ಅದನ್ನೂ ಕೇಳ್ತಾರಾ?"

"ನನ್ನ ಜೇಬು ನೋಡಿ," ಎಂದರು ಲೇಜರ್.

"ಛೇ, ಛೇ! ಎಲ್ಲಾದ್ರೂ ಉಂಟಾ!" ರಬ್ಬಿ ಕೈ ಅಡ್ಡ ಹಿಡಿದರು.

"ನೋಡಿ ಅಂತಿದೀನಲ್ಲ!"

"ಕಂಡ್ಯಾ ಮುರ್ದಖಾಯ್?" ರಬ್ಬಿ ಭಾವನ ಕಡೆ ತಿರುಗಿದರು. "ಬೇರೆಯವರಿಗೆ ಕೆಟ್ಟ ಹೆಸರು ಬರ್ಬಾರ್ದು ಅಂತ ತನ್ನ ತಲೆ ಒಡ್ಡ್ತಾನೆ. ಇಂಥ ಸಾಕ್ಷಿ ಯಾರಿಗೆ ಸಿಗ್ತಾನೆ?"

ಹೆಂಗಸರು ಕಣ್ಣೊರೆಸಿಕೊಂಡರು.

ಆ ಭೂತಗನ್ನಡಿ ಯಾವಾಗಲೂ ಅವರ ಕೊರಳಲ್ಲಿ ಕಪ್ಪು ದಾರದಿಂದ ತೂಗುತ್ತಿತ್ತು. ನಾನು ಅದನ್ನು ಎತ್ತಿಕೊಂಡೆ. ದಾರ ಅದಕ್ಕೇ ಸುತ್ತಿಕೊಂಡಿತ್ತು.

"ಭಾವ, ದಾರ ಹರಿದಿಲ್ಲ. ಗಂಟು ಬಿಚ್ಚಿದಾರೆ."

ಭಾವ ದಾರವನ್ನು ಬೆರಳ ನಡುವೆ ಎಳೆದು ನೋಡಿದರು. ಆಮೇಲೆ ರಬ್ಬಿಯನ್ನು ಕೇಳಿದರು:

"ಸಾಕ್ಷಿ ಆಗು ಅಂದಾಗ ಲೇಜರ್ ಏನಂದ್ರು?"

"ಬೇಡ ಅಂದ. ಮೂರು ಸಲ ಬೇಡ ಅಂದ. ಮರ್ಯಾದಸ್ಥ! ಒಂದೇ ಸಲಕ್ಕೆ ಹೂಂ ಅನ್ನೋಕೆ ಅವನೇನು ಹಸಿದವನಾ?"

"ಆಮೇಲೆ?"

"ಮೈ ಸರಿಯಿಲ್ಲ ಅಂದ. ನಿನ್ನ ಹಾಸಿಗೆ ಪಕ್ಕದಲ್ಲೇ ಮದುವೆ ಮಾಡ್ತೀವಿ ಅಂದ್ವಿ. ನಕ್ಕುಬಿಟ್ವಿ."

ಬಿಸಿಲು ಉಪ್ಪುನೇರಳೆ ಮರದ ತುದಿಗೆ ಏರಿತ್ತು. ಬಖ್ಮಲ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಒಂದೊಂದು ಸದ್ದಿಗೂ ಬುಲೋರ್ ಬೆಚ್ಚುತ್ತಿದ್ದಳು.

ಭಾವ ಕೋಲೂರಿ ಲೇಜರ್ ಬಳಿಗೆ ಹೋದರು. ಯಾರೂ ತಡೆಯುವ ಮೊದಲೇ ಅವರ ಜೇಬಿಗೆ ಕೈ ಹಾಕಿದರು. ಕೈ ಹೊರಬಂದಾಗ ಅದರಲ್ಲಿ ಉಂಗುರ ಇತ್ತು.



"ಹೌದು, ಕದ್ದೆ," ಎಂದರು ಲೇಜರ್. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ರಬ್ಬಿಗಳೇ, ಕಳ್ಳನ ಸಾಕ್ಷಿ ನಡೆಯುತ್ತಾ?"

ರಬ್ಬಿ ಎರಡು ಹೆಜ್ಜೆ ಹಿಂದೆ ಸರಿದರು. "ನಡೆಯಲ್ಲ."

"ಥೂ!" ಎಂದಳು ಬಖ್ಮಲ್. "ಇಷ್ಟು ವರ್ಷ ಈ ಕೈಗೆ ಗಡಿಯಾರ ಕೊಟ್ವಲ್ಲ!"

"ಮಾವ," ಎಂದಳು ಬುಲೋರ್. ಅವಳು ಚಿಕ್ಕಂದಿನಿಂದ ಹಾಗೇ ಕರೆಯುತ್ತಿದ್ದಳು, ಕೇರಿಯ ಮಕ್ಕಳೆಲ್ಲ ಕರೆಯುವಂತೆ. ಅವರು ತಿರುಗಿ ನೋಡದೆ ಹೊರಟುಹೋದರು. ಬೆನ್ನು ಮಾತ್ರ ನೆಟ್ಟಗಿತ್ತು.

ಬುಖಾರಾದ ಟೋಪಿ ವ್ಯಾಪಾರಿಯೊಬ್ಬ ಚಹಾದಂಗಡಿಯಲ್ಲಿದ್ದಾನೆಂದು ಯಾರೋ ಹೇಳಿದರು. ಅವನನ್ನು ಸಾಕ್ಷಿಗೆ ಕರೆತರಲು ರಬ್ಬಿ ಓಡಿದರು.

ಪಲಾವಿನ ಕೊಪ್ಪರಿಗೆಯ ಬಳಿ ಇಸ್ತಾಮ್ ಒಬ್ಬಳೇ ನಿಂತಿದ್ದಳು. ಭಾವ ನನ್ನನ್ನೂ ಅಲ್ಲಿಗೇ ಕರೆದರು.

"ಕದ್ದವನು ಗುರುತು ಅಳಿಸ್ತಾನೆ," ಎಂದರು. "ಇವರು ಕೊರಳಿನ ಗಂಟು ಬಿಚ್ಚಿ, ಗುರುತನ್ನ ಬಟ್ಟಲಲ್ಲಿ ಇಟ್ಟು ಹೋದ್ರು. ಜೇಬು ನೋಡಿ ಅಂತ ಅಂಗಲಾಚಿದ್ರು. ಸಿಕ್ಕಿಬೀಳೋಕೇ ಕದ್ದಿದ್ದು. ನಮ್ಮ ಮರ್ಯಾದೆ ಅವರನ್ನ ಸಿಕ್ಕಿಬೀಳೋಕೆ ಬಿಡ್ಲಿಲ್ಲ."

"ಸಿಕ್ಕಿಬಿದ್ದು ಏನು ಬಂತು?" ಎಂದೆ.

"ಕಳ್ಳ ಸಾಕ್ಷಿ ಆಗೋ ಹಾಗಿಲ್ಲ. ಇನ್ಯಾರು ಆಗೋ ಹಾಗಿಲ್ಲ ಹೆವ್ಸಿ?"

"ನೆಂಟ."

"ನೆಂಟಸ್ತಿಕೆ ಮುಚ್ಚೋಕೆ ಕಳ್ಳತನ ಹೊದ್ಕೊಂಡ್ರು." ಭಾವ ಇಸ್ತಾಮ್ ಕಡೆ ನೋಡಿದರು. "ಬುಲೋರ್‌ಗೆ ಅವರು ಏನಾಗ್ಬೇಕು, ಅಕ್ಕ?"

ಇಸ್ತಾಮ್ ಸೌಟನ್ನು ಬಿಡಲಿಲ್ಲ.

"ಹೆತ್ತ ತಾಯಿಯ ತಮ್ಮ," ಎಂದಳು. "ಯುದ್ಧದಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬಳು ಜ್ವರದಲ್ಲಿ ಸಾಯ್ತಾ ಇದ್ಲು. ಕೂಸನ್ನ ನನ್ನ ಮಡಿಲಿಗೆ ಹಾಕಿದ್ಲು. ಮಾರನೇ ವರ್ಷ ಇವನು ಹುಡುಕ್ಕೊಂಡು ಬಂದ. ಹೊಸಿಲಲ್ಲಿ ನಿಂತ. ಕೂಸು ನನ್ನ ಸೆರಗು ಹಿಡಿದು ಅಮ್ಮ ಅಂತು. ಅವನು ತುಂಬಾ ಹೊತ್ತು ನೋಡ್ದ. ಆಮೇಲೆ, ರಿಪೇರಿಗೆ ಗಡಿಯಾರ ಇದ್ರೆ ಕೊಡಿ ಅಂದ. ಅಷ್ಟೇ ಅಂದಿದ್ದು."

"ಅವಳಿಗೆ ಗೊತ್ತಾ?"

"ಇಲ್ಲ. ಅವನನ್ನ ಸಾಕ್ಷಿ ಅಂದಾಗ ನಾನೇ ತಡೀಬೇಕಿತ್ತು. ಮಾವನ ಸಾಕ್ಷಿಯಲ್ಲಾದ ಮದುವೆ ಮದುವೆಯೇ ಅಲ್ಲ. ಗೊತ್ತಿತ್ತು. ಬಾಯಿ ಬರ್ಲಿಲ್ಲ. ಮಗಳು ಕೈ ಬಿಡ್ತಾಳೆ ಅನ್ನೋ ಭಯ." ಅವಳು ಸೌಟನ್ನು ಕೆಳಗಿಟ್ಟಳು. "ಹೆವ್ಸಿ, ಹೋಗಿ ಅವನನ್ನ ಕರ್ಕೊಂಡು ಬಾ."

ನಾನು ಹೋದೆ. ಲೇಜರ್ ಅಂಗಡಿಯ ಕದ ಹಾಕಿಕೊಂಡು ಕೂತಿದ್ದರು. ಬರಲ್ಲ ಎಂದರು. ಮೂರು ಸಲ ಎಂದರು. ಈ ಸಲ ಅದು ನಿಜವೋ ಮರ್ಯಾದೆಯೋ ನಾನು ಕೇಳಲಿಲ್ಲ. ತೋಳು ಹಿಡಿದು ಎಬ್ಬಿಸಿದೆ.

ಅಂಗಳದಲ್ಲಿ ಮದುಮಕ್ಕಳ ತಲೆಯ ಮೇಲೆ ಪ್ರಾರ್ಥನೆಯ ಶಾಲನ್ನು ಹಿಡಿದಿದ್ದರು. ಮೂರು ಮೂಲೆಗೆ ಮೂವರಿದ್ದರು. ನಾಲ್ಕನೆಯದನ್ನು ಇಸ್ತಾಮ್ ಹಿಡಿದು ನಿಂತಿದ್ದಳು. ಅದನ್ನು ಲೇಜರ್ ಕೈಗೆ ಕೊಟ್ಟಳು.

"ಕಳ್ಳನ ಕೈಗಾ?" ಎಂದಳು ಬಖ್ಮಲ್.

"ಸಾಕ್ಷಿ ಹೇಳೋಕೆ ತಾನೆ ಅಡ್ಡಿ?" ಎಂದಳು ಇಸ್ತಾಮ್. "ಬಟ್ಟೆ ಹಿಡಿಯೋಕೆ ಏನಡ್ಡಿ? ರಬ್ಬಿಗಳೇ?"

ರಬ್ಬಿ ಇಸ್ತಾಮ್ ಮುಖ ನೋಡಿದರು. ಲೇಜರ್ ಮುಖ ನೋಡಿದರು. ಗಡ್ಡ ನೀವಿಕೊಂಡರು.

"ಏನೂ ಅಡ್ಡಿಯಿಲ್ಲ," ಎಂದರು.

ಲೇಜರ್ ಕೈಯನ್ನು ಎದೆಗಿಂತ ಮೇಲೆ ಎತ್ತಲಿಲ್ಲ. ಶಾಲಿನ ಆ ಮೂಲೆ ಜೋತುಬಿದ್ದಿತ್ತು.

"ಮಾವ, ಎತ್ತಿ ಹಿಡೀರಿ," ಎಂದಳು ಬುಲೋರ್, ಮುಸುಕಿನೊಳಗಿಂದ. "ತಲೆಗೆ ತಾಗ್ತಿದೆ."

ಅವರು ಎತ್ತಿ ಹಿಡಿದರು.