ಹದಿನಾಲ್ಕನೇ ಸೀಟಿನ ಹೆಂಗಸು

2025ರ ನವೆಂಬರ್ 14, ಶುಕ್ರವಾರ ಸಂಜೆ 5.40ಕ್ಕೆ ಒಬ್ಬ ಹೆಂಗಸು ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೈದರಾಬಾದಿನ ಕಾಚಿಗೂಡ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ವಯಸ್ಸು ಐವತ್ತೆಂಟು. ಹೊಸ ಸೀರೆ, ಹೊಸ ಚಪ್ಪಲಿ, ಸೆರಗಿಗೆ ಸಿಕ್ಕಿಸಿದ ಬಿಸಿಲಿನ ಕನ್ನಡಕ. ಹೆಡ್ ಕಾನ್‌ಸ್ಟೇಬಲ್ ಯಶವಂತ ತೆಲುಗಿನಲ್ಲಿ ಏನಾಯಿತೆಂದು ಕೇಳಿದ. ಆಕೆ ತೆಲುಗಿನಲ್ಲೇ ಶುರು ಮಾಡಿ, ಎರಡು ಮಾತಿಗೇ ಕನ್ನಡಕ್ಕೆ ಬಂದರು.

"ನನ್ನ ಬಸ್ ನನ್ನ ಬಿಟ್ಟು ಹೋಗೇತ್ರಿ. ಅಷ್ಟ ಆಗಿದ್ರ ನಾ ಪೊಲೀಸ್ ಠಾಣೆಗಿ ಬರತಿರಲಿಲ್ಲ. ಆಫೀಸಿನವರು ನಾನು ಬಸ್ಸಿನಾಗ ಕುಂತೀನಿ ಅಂತಾರ."

ಒಳಗಿನ ಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಶರಣಕುಮಾರ ಕನ್ನಡ ಕಿವಿಗೆ ಬಿದ್ದಿದ್ದೇ ಹೊರಗೆ ಬಂದ. ಅವನ ಅಜ್ಜನ ಕಾಲದಲ್ಲಿ ಕಲಬುರಗಿಯಿಂದ ಬಂದು ನೆಲೆಸಿದ ಮನೆ ಅವರದು. ಯಶವಂತನೂ ಆ ಕಡೆಯ ಕನ್ನಡದವನೇ.

"ಹೆಸರು?"

"ಬಸಲಿಂಗಮ್ಮ. ನಾಚಾರಂನಾಗ ಇರ್ತೀನಿ."

"ಎಲ್ಲಿಗಿ ಹೊಂಟಿದ್ರಿ?"

"ಮುಂಬೈ ಬಂದರಕ್ಕ. ಅಲ್ಲಿಂದ ಹಡಗು. ಮೂರು ರಾತ್ರಿ ಸಮುದ್ರದ ಮ್ಯಾಲ. ಇಲ್ಲಿಂದ ಕೋಚ್ ಬಸ್ಸಿನಾಗ ಕರಕೊಂಡು ಹೋಗಿ ಹಡಗು ಹತ್ತಸ್ತಾರ."

ಕೋಚ್ ಮೂರು ಗಂಟೆಗೆ ಹೊರಡಬೇಕಿತ್ತು. ಬುಧವಾರ ಆಕೆಯ ಫೋನಿಗೆ ಹಿಂದಿ ಸಂದೇಶವೊಂದು ಬಂದಿತ್ತು: 'ಕೋಚ್ ಮೂರಕ್ಕಲ್ಲ, ಆರಕ್ಕೆ ಹೊರಡುತ್ತದೆ.' ಆಕೆ ಐದೂಕಾಲಿಗೇ ರೈಲ್ವೆ ಸ್ಟೇಷನ್ನಿನ ಮುಂದೆ ಬಂದು ನಿಂತಿದ್ದರು. ಅಲ್ಲಿ ಕೋಚೂ ಇರಲಿಲ್ಲ, ಪ್ರಯಾಣಿಕರೂ ಇರಲಿಲ್ಲ. ಟ್ರಾವೆಲ್ಸ್ ಆಫೀಸಿಗೆ ಹೋದರೆ, ಹದಿನಾಲ್ಕನೇ ಸೀಟಿನಲ್ಲಿ ಬಸಲಿಂಗಮ್ಮ ಕೂತಾಗಿದೆ, ಆಧಾರ್ ಕಾರ್ಡ್ ಕೂಡ ತಪಾಸಣೆ ಆಗಿದೆ ಎಂದರು.

"ಒಬ್ಬರ ಹೊಂಟಿದ್ರೇನು?"

"ಒಬ್ಬಾಕಿನ." ಯಶವಂತ ಕೊಟ್ಟ ನೀರನ್ನು ಬಸಲಿಂಗಮ್ಮ ಕುಡಿಯದೆ ಕೈಯಲ್ಲೇ ಹಿಡಿದಿದ್ದರು. "ಮೂವತ್ತೊಂದು ವರ್ಷ ನಾಚಾರಂ ಫ್ಯಾಕ್ಟರಿಯೊಳಗ ಪ್ಯಾಕಿಂಗ್ ಕೆಲಸ ಮಾಡೀನ್ರಿ. ಡಬ್ಬಿ ಮ್ಯಾಲ ಬಂದರದ ಹೆಸರಿನ ಚೀಟಿ ಹಚ್ಚಾದು. ಯಾವ್ಯಾವ ದೇಶದ ಬಂದರೋ. ಆ ಡಬ್ಬಿ ಎಲ್ಲಾ ಸಮುದ್ರ ನೋಡ್ಯಾವ. ನಾ ನೋಡಿಲ್ಲ."

ಶರಣಕುಮಾರ ಟೋಪಿ ಹಾಕಿಕೊಂಡ.

6.15ಕ್ಕೆ ಅವರು ಟ್ರಾವೆಲ್ಸ್ ಆಫೀಸಿನಲ್ಲಿದ್ದರು. ಎರಡು ಲಾಡ್ಜುಗಳ ನಡುವಿನ ಸಣ್ಣ ಜಾಗ. ಗೋಡೆಯ ಟಿವಿಯಲ್ಲಿ ಬಿಳಿ ಹಡಗಿನ ವಿಡಿಯೊ ತನ್ನಷ್ಟಕ್ಕೆ ಓಡುತ್ತಿತ್ತು. ಮಾಲೀಕ ಕಾಶಿನಾಥ ಕ್ಯಾಬಿನ್ನುಗಳ ವ್ಯವಸ್ಥೆಗೆಂದು ಹಿಂದಿನ ದಿನವೇ ಮುಂಬೈಗೆ ಹೋಗಿದ್ದ. ಇದ್ದವಳು ಬುಕಿಂಗ್ ನೋಡಿಕೊಳ್ಳುವ ಕನ್ನಡದ ಹುಡುಗಿ ಸಪ್ನಾ ಒಬ್ಬಳೇ.

"ಇವರ ಅಸಲಿ ಆಧಾರ್ ಎಲ್ಲಿತ್ತು?"

"ಸ್ಕ್ಯಾನ್ ಮಾಡಾಕ ಸೋಮವಾರ ಇಸ್ಕೊಂಡಿದ್ದೆ ಸರ್. ಎಲ್ಲಾರದೂ ಕವರಿನಾಗ ಹಾಕಿ ಆ ಡಬ್ಬಿಯೊಳಗ ಇಟ್ಟಿದ್ದೆ. ಬಸ್ ಹತ್ತೂವಾಗ ಕೊಡೂದು."

"ಕೊಟ್ಟವರು ಯಾರು?"

"ಚನ್ನು. ಬಸ್ಸಿನ ಜೋಡಿ ಹೋಗಾಂವ, ಈ ಟ್ರಿಪ್ಪಿಗಂತ ಹೊಸದಾಗಿ ಬಂದಾನ. ಇವರದೊಂದು ಕವರ್ ಡಬ್ಬಿಯಾಗ ಇರಲಿಲ್ಲಂತ. ಇವರು ಮೊದಲ ಇಸ್ಕೊಂಡು ಹೋಗ್ಯಾರ ಅನಕೊಂಡ. ಹತ್ತಾಕ ಬಂದಾಕಿ ಕೈಯಾಗ ಕಾರ್ಡ್ ಇತ್ತಲ್ಲ, ಹತ್ತಿಸ್ಕೊಂಡ."

"ಮುಖ ನೋಡಲಿಲ್ಲೇನು?"

ಬಸಲಿಂಗಮ್ಮನೇ ಉತ್ತರ ಕೊಟ್ಟರು. "ಆಧಾರ್ ಫೋಟೊದಾಗ ನಾನೂ ನನ್ನ ಹಾಂಗ ಕಾಣಂಗಿಲ್ರಿ."

ಕವರುಗಳ ಡಬ್ಬಿ, ಪ್ರಯಾಣಿಕರ ಪಟ್ಟಿ, ಕಂಪ್ಯೂಟರಿನಲ್ಲಿದ್ದ ಸ್ಕ್ಯಾನ್ ಪ್ರತಿ, ಇಷ್ಟಕ್ಕೆ ಇಬ್ಬರು ಪಂಚರ ಎದುರು ಪಂಚನಾಮೆ ಮುಗಿಯುವಾಗ 6.55. ಬೀಗ ಒಡೆದ ಗುರುತಿರಲಿಲ್ಲ. 7.10ಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆಯ ಕಲಂ 303, ಕಳವು, ಕಲಂ 319, ಬೇರೊಬ್ಬರಂತೆ ನಟಿಸಿ ವಂಚನೆ.

ಶರಣಕುಮಾರ ಚನ್ನುವಿಗೆ ಫೋನ್ ಮಾಡಿದ. ಕೋಚ್ ಜಹೀರಾಬಾದ್ ದಾಟಿತ್ತು.

"ಹದಿನಾಲ್ಕನೇ ಸೀಟಿನವರು ಹ್ಯಾಂಗದಾರ?"

"ಅಮ್ಮೋರಾ? ಕಿಟಕಿಗೆ ಮುಖ ಹಚ್ಚಿ ಕುಂತಾರ ಸರ್. ಚಹಾಕ್ಕೂ ಇಳೀಲಿಲ್ಲ. ಬಂದರ ಇನ್ನೂ ಎಷ್ಟು ದೂರ ಅಂತ ಮೂರು ಸಲ ಕೇಳ್ಯಾರ. ಏನಾರ ತ್ರಾಸಾ ಸರ್?"

"ಏನಿಲ್ಲ. ನೀ ಯಾರಿಗೂ ಏನೂ ಹೇಳಬ್ಯಾಡ."

ಹುಮನಾಬಾದ್ ಪೊಲೀಸರಿಗೆ ಹೇಳಿ ಕೋಚ್ ನಿಲ್ಲಿಸಬಹುದಲ್ಲ ಎಂದ ಯಶವಂತ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳ ಬಂಧನಕ್ಕೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅಲ್ಲದೆ ಶರಣಕುಮಾರನ ಕಣ್ಣು ಸೂಟ್‌ಕೇಸಿನ ಮೇಲಿತ್ತು. ಹಡಗು ಹೊರಡುವುದು ಮರುದಿನ ಸಂಜೆ ಐದಕ್ಕೆ. ದೂರುದಾರರನ್ನು ಗುರುತು ಪತ್ತೆಗೆ ಜೊತೆಗೆ ಕರೆದೊಯ್ದರೆ ಅವರ ಪ್ರವಾಸವೂ ಉಳಿದೀತು. ಅವನು ಡಿಸಿಪಿಗೆ ಫೋನ್ ಮಾಡಿ ಹೊರರಾಜ್ಯಕ್ಕೆ ಹೋಗಲು ಒಪ್ಪಿಗೆ ಪಡೆದ.

ಏಳೂವರೆಗೆ, ಸಂದೇಶ ಬಂದ ನಂಬರು ಯಾರದೆಂದು ತಿಳಿಯಿತು. ದ್ಯಾವಪ್ಪ, ವಯಸ್ಸು 39, ಸ್ವಂತ ಊರು ಯಾದಗಿರಿ ಜಿಲ್ಲೆ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಹೊರುವ ಕೆಲಸ. ಜೀಪು ಆ ದಾರಿಯಾಗಿಯೇ ಹೊರಟಿತು. ಮುಂದೆ ಶರಣಕುಮಾರ, ಚಾಲಕನ ಸೀಟಿನಲ್ಲಿ ಯಶವಂತ, ಹಿಂದೆ ಮಹಿಳಾ ಕಾನ್‌ಸ್ಟೇಬಲ್ ಗಂಗೂಬಾಯಿ ಮತ್ತು ಬಸಲಿಂಗಮ್ಮ.

8.20ಕ್ಕೆ ಕಾರ್ಖಾನೆಯ ಗೇಟಿನ ಹೊರಗೆ ದ್ಯಾವಪ್ಪ ಸಿಕ್ಕ. ಪೊಲೀಸರನ್ನು ಕಂಡು ಓಡಲಿಲ್ಲ. ಕೈಗವಸು ಬಿಚ್ಚಿ ಜೇಬಿಗೆ ತುರುಕಿಕೊಂಡ.

"ಈ ಮೆಸೇಜ್ ಕಳಿಸಿದವರು ಯಾರು?"

"ನಾನ ಸಾಹೇಬ್ರ. ನಮ್ಮಕ್ಕ ಕವರ್ ತಂದು ಅದರ ಮ್ಯಾಲಿನ ನಂಬರ್ ತೋರಿಸಿ ಹೇಳಿದ್ಲು, ನಾ ಬರದೆ. ಆಕಿಗಿ ಬರಿಯಾಕ ಬರಂಗಿಲ್ಲ."

"ಅಕ್ಕನ ಹೆಸರು?"

"ಸುಗಲಮ್ಮ. ಮೊದಲ ಬಿಲ್ಡಿಂಗ್ ಕೆಲಸಕ್ಕ ಹೋಗತಿದ್ಲು. ಈಗ ಕಾಚಿಗೂಡದಾಗ ಆಫೀಸ್ ಕಸಾ ಗುಡಿಸ್ತಾಳ."

"ಇದು ತಪ್ಪು ಅಂತ ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

"ಮತ್ಯಾಕ ಬರದಿ?"

"ಆಕಿಗೊಬ್ಬಾಕಿ ಮಗಳು, ಗಂಗಾ. ನನಗ ಕೊಟ್ಟು ಲಗ್ನ ಮಾಡಬೇಕಂತ ಅಕ್ಕನ ಹಟ. ಹುಡಿಗಿಗಿ ಹದಿನೆಂಟು, ನನಗ ಮೂವತ್ತಮೂರು. ಒಲ್ಲೆ ಅಂತ ಅತ್ಲು. ಅಕ್ಕ ಹೊಡದಳು. ಮುಂಜಾನೆ ಎದ್ದು ನೋಡಿದ್ರ ಹುಡಿಗಿ ಇಲ್ಲ. ಆರು ವರ್ಷ ಆತು ಸಾಹೇಬ್ರ. ನನ್ನ ಸಲುವಾಗಿ ಓಡಿ ಹೋದಾಕಿ. ನಾನರೆ ಅಕ್ಕಗ ಇಲ್ಲ ಅಂತ ಹ್ಯಾಂಗ ಅನ್ಲಿ?"

ಜೀಪಿನಿಂದಲೇ ಶರಣಕುಮಾರ ಸಪ್ನಾಳಿಗೆ ಫೋನ್ ಹಚ್ಚಿದ. ಸುಗಲಮ್ಮನ ಹತ್ತಿರ ಆಫೀಸಿನ ಕೀಲಿ ಇತ್ತು. ಬೆಳಿಗ್ಗೆ ಆರಕ್ಕೆ ಬಂದು, ಯಾರೂ ಬರುವ ಮೊದಲೇ ಗುಡಿಸಿ ಒರೆಸಿ ಹೋಗುತ್ತಿದ್ದಳು. ಚನ್ನು ಅವಳನ್ನು ನೋಡಿಯೇ ಇರಲಿಲ್ಲ. ಆಮೇಲೆ ಸಪ್ನಾಳಿಗೆ ಒಂದು ಸಂಗತಿ ನೆನಪಾಯಿತು. ದಸರೆಯ ಬಳಿಕ ಒಂದು ದಿನ ತಾನು ಬೇಗ ಬಂದಾಗ ಟಿವಿಯಲ್ಲಿ ಹಡಗಿನ ವಿಡಿಯೊ ಓಡುತ್ತಿತ್ತು. ಸುಗಲಮ್ಮ ಕಸಬರಿಗೆ ಹಿಡಿದು ನಿಂತವಳು, ಹಿಂದಕ್ಕೆ ತಿರುಗಿಸು ಎಂದು ನಾಲ್ಕು ಸಲ ಬೇಡಿದಳು. ಕ್ಯಾಬಿನ್ನಿನ ಹಾಸಿಗೆ ಸರಿಮಾಡುವ ಸಮವಸ್ತ್ರದ ಹುಡುಗಿಯೊಬ್ಬಳು ಎರಡು ಕ್ಷಣ ಕಂಡು ಮರೆಯಾಗುತ್ತಿದ್ದಳು. ಯಾರೆಂದು ಕೇಳಿದ್ದಕ್ಕೆ ಸುಗಲಮ್ಮ ಮತ್ತೆ ಕಸ ಗುಡಿಸತೊಡಗಿದ್ದಳು. ಒಬ್ಬರೇ ಹೆಂಗಸು ಯಾರಾದರೂ ಹೋಗುತ್ತಾರಾ ಎಂದು ಮುಂದೆ ಯಾವಾಗಲೋ ವಿಚಾರಿಸಿದ್ದಳು; ಬಸಲಿಂಗಮ್ಮನ ಹೆಸರನ್ನು ಸಪ್ನಾಳೇ ಹೇಳಿದ್ದಳು.

ಜೀಪು ಹೆದ್ದಾರಿಗೆ ಬಂತು. ಅಲ್ಲಿಯವರೆಗೆ ಹಲ್ಲು ಕಚ್ಚಿ ಕೂತಿದ್ದ ಬಸಲಿಂಗಮ್ಮ, "ಸಿಗಲಿ ಆಕಿ" ಎನ್ನುವುದನ್ನು ನಿಲ್ಲಿಸಿದ್ದರು.

ಶನಿವಾರ ಬೆಳಿಗ್ಗೆ 9.50ಕ್ಕೆ ಅವರು ಮುಂಬೈ ಬಂದರು ತಲುಪಿದರು. ಸ್ಥಳೀಯ ಠಾಣೆಗೆ ಮಾಹಿತಿ ಕೊಟ್ಟು ಒಬ್ಬ ಕಾನ್‌ಸ್ಟೇಬಲನನ್ನು ಜೊತೆಗೆ ಕರೆದುಕೊಂಡರು. ಹೈದರಾಬಾದಿನ ಕೋಚ್ ನಿಲುಗಡೆಯಲ್ಲಿತ್ತು, ಖಾಲಿ. ಪ್ರಯಾಣಿಕರೆಲ್ಲ ಟರ್ಮಿನಲ್ಲಿನ ಹೊರಗೆ ಸಾಲು ಹಿಡಿದಿದ್ದರು. ಕಾಶಿನಾಥ ಒಳಗೆ ಕೌಂಟರಿನಲ್ಲಿದ್ದ. ಶೆಡ್ಡುಗಳ ಮೇಲೆ ಹಡಗಿನ ಬಿಳಿ ಮೈ ಹತ್ತು ಅಂತಸ್ತಿನ ಮನೆಯ ಹಾಗೆ ನಿಂತಿತ್ತು. ಸಮುದ್ರ ಇನ್ನೂ ಕಾಣುತ್ತಿರಲಿಲ್ಲ. ಹಡಗು ಅದಕ್ಕೆ ಅಡ್ಡವಾಗಿತ್ತು.

ಸಾಲಿನ ಕೊನೆಯಲ್ಲಿ ಬಟ್ಟೆಯ ಚೀಲ ಹಿಡಿದ ತೆಳ್ಳಗಿನ ಹೆಂಗಸೊಬ್ಬಳು ತಲೆ ಎತ್ತಿ ಹಡಗಿನ ಕಿಟಕಿಗಳನ್ನೇ ನೋಡುತ್ತಿದ್ದಳು. ಒಂದೊಂದೇ ಕಿಟಕಿ, ಎಡದಿಂದ ಬಲಕ್ಕೆ, ಮತ್ತೆ ಕೆಳಗಿನ ಸಾಲು.

ಗಂಗೂಬಾಯಿ ಹೋಗಿ ಪಕ್ಕದಲ್ಲಿ ನಿಂತಳು. "ಸುಗಲಮ್ಮ?"

"ಹೂಂ" ಎಂದಳು ಅವಳು. ಕಣ್ಣು ಇನ್ನೂ ಮೇಲೆಯೇ ಇತ್ತು. ಕರೆದದ್ದು ತನ್ನ ನಿಜವಾದ ಹೆಸರಿನಿಂದ ಎಂದು ಅವಳಿಗೆ ಆಮೇಲೆ ಹೊಳೆಯಿತು. ಚೀಲದಿಂದ ಆಧಾರ್ ಕಾರ್ಡನ್ನು ತಾನೇ ತೆಗೆದು, ಹಿಂದೆ ನಿಂತಿದ್ದ ಬಸಲಿಂಗಮ್ಮನಿಗೆ ಎರಡೂ ಕೈಯಲ್ಲಿ ಚಾಚಿದಳು. "ನಿಮ್ಮದಲ್ರಿ ಇದು? ತಗೋರಿ ಯವ್ವಾ. ಒಂದೀಟೂ ಮುಕ್ಕಾಗಿಲ್ಲ."

ಕಾರ್ಡನ್ನು ಗಂಗೂಬಾಯಿ ಪಡೆದು ಜಪ್ತಿ ಪಂಚನಾಮೆಗೆ ಇಟ್ಟಳು. ಬಂಧನದ ಸಮಯ 10.25.

ಟರ್ಮಿನಲ್ಲಿನ ಭದ್ರತಾ ಕೋಣೆಯಲ್ಲಿ ಶರಣಕುಮಾರ ಅವಳ ಎದುರು ಕೂತ.

"ಹಡಗಿನಾಗ ಹೋಗಿ ಏನು ಮಾಡಾಕಿ ಇದ್ದಿ?"

"ಏನಿಲ್ಲ ಸಾಹೇಬ್ರ. ದೂರ ನಿಂತು ನೋಡಿ ಬರಾಕಿ."

"ಅಷ್ಟ?"

"ಮಾತಾಡಿಸಿದ್ರ ಮತ್ತ ಎದ್ದು ಹೋದಾಳು ಅಂತ ಅಂಜಿಕಿ. ಅದಕ್ಕ ಹಡಗು ಚಲೋ ಅನಿಸ್ತು. ನಡು ನೀರಾಗ ಎಲ್ಲಿಗಿ ಹೋಗ್ತಾಳ?" ಅವಳು ನಗುವುದಕ್ಕೆ ನೋಡಿದಳು. ಆಗಲಿಲ್ಲ. "ಆರು ವರ್ಷ ಐತವಾರಕ್ಕೊಮ್ಮಿ ಕಾಚಿಗೂಡ ಸ್ಟೇಷನ್ನಿಗಿ ಹೋಗಿ ಕುಂತು ಬಂದೀನ್ರಿ. ಊರ ಕಡಿ ಗಾಡಿ ಬಂದಾಗೊಮ್ಮಿ ಹುಡಿಗೇರ ಮುಖಾ ನೋಡಾದು. ಆಕಿ ನೋಡಿದ್ರ ನೀರಿನ ಮ್ಯಾಲ ಇದ್ಲು."

"ಟಿವಿಯಾಗ ಎರಡು ಸೆಕೆಂಡ್ ಕಂಡಾಕಿ ನಿನ್ನ ಮಗಳ ಅಂತ ಹ್ಯಾಂಗ ಗೊತ್ತಾತು?"

"ಹಾಸಿಗಿ ಝಾಡಿಸೂದು ನಾನ ಕಲಸೀನಲ್ರಿ."

ಶರಣಕುಮಾರ ಬರೆಯುವುದನ್ನು ನಿಲ್ಲಿಸಿ ಎದ್ದು ಹೋದ. ಹಡಗಿನ ಭದ್ರತಾ ಅಧಿಕಾರಿಯನ್ನು ಹಿಡಿದು, ಸಿಬ್ಬಂದಿಯ ಪಟ್ಟಿಯಲ್ಲಿ ಗಂಗಾ ಎಂಬ ಹುಡುಗಿ ಇದ್ದಾಳೆಯೇ ಎಂದು ಕೇಳಿದ. ಇದ್ದಳು, ಐದನೇ ಅಂತಸ್ತಿನ ಕ್ಯಾಬಿನ್ ಕೆಲಸಕ್ಕೆ. ಹತ್ತು ನಿಮಿಷ ಕೆಳಗೆ ಕರೆಸಬಹುದೇ? ಅಧಿಕಾರಿ ಆಗದೆಂದು ತಲೆಯಾಡಿಸಿದ. ಪ್ರಯಾಣಿಕರು ಹತ್ತುವ ದಿನ ಸಿಬ್ಬಂದಿ ಇಳಿಯುವಂತಿಲ್ಲ. ಅವಳು ಈ ಪ್ರಕರಣದಲ್ಲಿ ಸಾಕ್ಷಿಯೇ? ಅಲ್ಲ. ಹಾಗಾದರೆ ಕ್ಷಮಿಸಿ ಎಂದ.

ಅವನು ಹಿಂದಕ್ಕೆ ಬಂದು ಅದನ್ನು ಸುಗಲಮ್ಮನಿಗೆ ಇದ್ದಂತೆಯೇ ಹೇಳಿದ. "ಅದಾಳಲ್ಲ, ಅದಾಳಲ್ರಿ?" ಎಂದು ಅವಳು ಎರಡು ಸಲ ಕೇಳಿದಳು. ಅವನು ಹೌದೆಂದ. ಅವಳು ಮುಖ ಮುಚ್ಚಿಕೊಂಡಳು.

ಬಸಲಿಂಗಮ್ಮ ಬಾಗಿಲಲ್ಲಿ ನಿಂತಿದ್ದರು. ಆಧಾರ್ ಜಪ್ತಿಯಾಗಿದ್ದರೂ ಅವರ ಪಾಸ್‌ಪೋರ್ಟ್ ಸೂಟ್‌ಕೇಸಿನಲ್ಲಿತ್ತು. ಕಾಶಿನಾಥ ಓಡಾಡಿ ಅದರ ಮೇಲೆಯೇ ಟಿಕೆಟ್ ಸರಿಮಾಡಿಸಿದ್ದ. ಹಡಗು ಹತ್ತಲು ಇನ್ನು ಅಡ್ಡಿಯಿರಲಿಲ್ಲ. ಅವರು ಸುಗಲಮ್ಮನ ಹತ್ತಿರ ಬಂದರು.

"ನನ್ನ ಜಾಗಾ ಕಸಗೊಂಡಿದ್ದಿ. ಭಾಳ ಸಿಟ್ಟು ಬಂದಿತ್ತು ನನಗ." ಅವರು ಅವಳ ಪಕ್ಕದಲ್ಲೇ ಕೂತರು. "ಆಕಿಗೇನು ಹೇಳಲಿ?"

ಸುಗಲಮ್ಮ ಮುಖದಿಂದ ಕೈ ತೆಗೆದಳು. "ದ್ಯಾವಪ್ಪನ ಲಗ್ನ ಆಗೇತಿ ಅಂತ ಹೇಳ್ರಿ" ಎಂದಳು. "ಬ್ಯಾರೆ ಹುಡಿಗಿ ಜೋಡಿ."

ಆ ಮಧ್ಯಾಹ್ನ ಮುಂಬೈಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಆರೋಪಿಯನ್ನು ಹೈದರಾಬಾದಿಗೆ ಒಯ್ಯಲು ಅನುಮತಿ ಪಡೆಯಲಾಯಿತು. ಜೀಪು ಊರು ಬಿಡುವಾಗ ಐದು ದಾಟಿತ್ತು. ಸೇತುವೆಯೊಂದರ ಮೇಲೆ ಗಂಗೂಬಾಯಿ, "ಅಲ್ಲಿ ನೋಡು, ಸಮುದ್ರ" ಎಂದಳು. ಸುಗಲಮ್ಮ ನೋಡಿದಳು. ನೀರಿನ ಮೇಲೆ ದೂರದಲ್ಲಿ ಎರಡು ಮೂರು ಹಡಗುಗಳಿದ್ದವು. ಯಾವುದು ಎಂದು ಕೇಳಿದಳು. ಗಂಗೂಬಾಯಿಗೂ ಗೊತ್ತಿರಲಿಲ್ಲ.

ದ್ಯಾವಪ್ಪನನ್ನು ಎರಡನೇ ಆರೋಪಿಯಾಗಿ ಸೇರಿಸಿ ನೋಟಿಸು ಕೊಟ್ಟರು. ಸುಗಲಮ್ಮನಿಗೆ ಸೋಮವಾರ ಜಾಮೀನು ಮಂಜೂರಾಯಿತು. ಆದರೆ ಜಾಮೀನು ನಿಲ್ಲುವವರು ಯಾರೂ ಬರಲಿಲ್ಲ; ಅವಳು ಚಂಚಲಗೂಡದ ಮಹಿಳಾ ಜೈಲಿಗೆ ಹೋದಳು. ಪ್ರಕರಣದ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಶರಣಕುಮಾರ, 'ಆರೋಪಿಯು ತನ್ನ ಮಗಳು ಕೆಲಸ ಮಾಡುವುದನ್ನು ದೂರದಿಂದ ನೋಡಬೇಕೆಂದು' ಎಂದು ಬರೆದ. ಲಾಭದ ಉದ್ದೇಶ ಕಂಡುಬಂದಿಲ್ಲ ಎಂದೂ ಸೇರಿಸಿದ.

20ನೇ ತಾರೀಖು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಸಲಿಂಗಮ್ಮ ಠಾಣೆಗೆ ಬಂದರು. ಮೂಗಿನ ಮೇಲೆ ಬಿಸಿಲಿಗೆ ಚರ್ಮ ಸುಲಿದಿತ್ತು.

"ಸಿಕ್ಕಳೇನ್ರಿ?" ಎಂದ ಶರಣಕುಮಾರ.

"ಸಿಕ್ಕಳು. ಮೊದಲನೇ ದಿನ ಐದನೇ ಅಂತಸ್ತಿನಾಗ ಹುಡುಕಿ ಎಲ್ಲಾ ಹೇಳಿದೆ. ಟವಲ್ ಮಡಚಿಟ್ಟು ಹೋದಳು. ನನ್ನ ಖೋಲಿ ಆಕಿ ಪಾಳಿಯಾಗಿಲ್ಲಂತ. ಆದರ ಮರುದಿನ ಯಾರಿಗೋ ಹೇಳಿ ಬದಲಿ ಮಾಡಿಕೊಂಡು ಆಕಿನ ಬಂದಳು. ಹಾಸಿಗಿ ಝಾಡಿಸ್ತ, ನನ್ನ ಕಡಿ ನೋಡಲಾರದನ ಕೇಳಿದಳು: ಆಕಿ ಮೊಣಕಾಲು ಇನ್ನೂ ಹಿಡಕೋತಾವೇನು? ನನಗೇನು ಗೊತ್ರಿ? ಮುಂದಿನ ದಿನ ಇನ್ನೊಂದು. ರಾತ್ರಿ ಆಕಿ ಜೋಡಿ ಯಾರು ಮಲಗತಾರ? ಇಳಿಯೂ ದಿನ ಮತ್ತೊಂದು. ನನಗ ಒಂದಕ್ಕೂ ಉತ್ತರ ಬರಲಿಲ್ಲ. ಕೇಳಿ ಹೇಳತೀನಿ ಅಂದೆ. ನಂಬರ್ ಕೊಟ್ಟಾಳ."

"ಸಮುದ್ರ ಹ್ಯಾಂಗಿತ್ರಿ?" ಯಶವಂತ ಕೇಳಿದ.

ಬಸಲಿಂಗಮ್ಮ ಸುಲಿದ ಮೂಗು ಮುಟ್ಟಿಕೊಂಡರು. "ಮುಗಿಯಂಗ ಇಲ್ಲಪ್ಪ ಅದು."

ಜೈಲಿನಲ್ಲಿ ಭೇಟಿಗೆ ಅರ್ಜಿ ಹೇಗೆ ಹಾಕಬೇಕು ಎಂದು ಕೇಳಲು ಅವರು ಬಂದಿದ್ದರು. ದೂರು ಕೊಟ್ಟವರು ಆರೋಪಿಯ ಭೇಟಿಗೆ ಹೋಗುವುದು ಯಶವಂತನಿಗೆ ಹೊಸದು. ಅವನು ಇನ್‌ಸ್ಪೆಕ್ಟರನ ಮುಖ ನೋಡಿದ. ಶರಣಕುಮಾರ ಆಗಲಿ ಎಂದು ತಲೆಯಾಡಿಸಿದ. ಯಶವಂತ ಹಾಳೆ ತೆಗೆದು ತೆಲುಗಿನಲ್ಲಿ ಅರ್ಜಿ ತುಂಬತೊಡಗಿದ: ಹೆಸರು, ವಯಸ್ಸು, ವಿಳಾಸ.

"ಸಂಬಂಧ ಅಂತ ಐತ್ರಿ ಇಲ್ಲಿ. ಆಕಿಗಿ ನೀವು ಏನಾಗಬೇಕು ಅಂತ ಬರೀಲಿ?"

ಬಸಲಿಂಗಮ್ಮ ಸೆರಗು ಸರಿಪಡಿಸಿಕೊಂಡರು.

"ಮಗಳ ಕಡಿಂದ ಬಂದಾಕಿ ಅಂತ ಬರೀರಿ."